ಮೇಕೆಯ ಕಣ್ಣು, ಮತ್ತೊಬ್ಬನ ತಲೆ

1981ರಲ್ಲಿ ತೆರೆಕಂಡ ‘ಅಂತ’ ಚಿತ್ರ ಕನ್ನಡದ ಪ್ರೇಕ್ಷಕನನ್ನು ಬೆಚ್ಚಿ ಬೀಳಿಸಿತು. ಎಚ್.ಕೆ. ಅನಂತರಾವ್ ಅವರು ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿಯನ್ನು ಎಸ್.ವಿ. ರಾಜೇಂದ್ರಸಿಂಗ್ ಬಾಬು ಚಿತ್ರವಾಗಿಸಿದ್ದರು. ಅಂಬರೀಷ್ ಅವರಿಗೆ ಅದರಲ್ಲಿ ಎರಡು ಪಾತ್ರ. ಒಬ್ಬ ಸುಶೀಲ್ ಕುಮಾರ್ ಎಂಬ ಪ್ರಾಮಾಣಿಕ ಪೊಲೀಸ್ ಅಧಿಕಾರಿ. ಇನ್ನೊಬ್ಬ ಅವನದೇ ಮುಖಚರ್ಯೆಯ ಪಾತಕಿ ಕನ್ವರ್‌ಲಾಲ್. ಪಾತಕಿಯ ವೇಷ ತೊಟ್ಟು ದುಷ್ಟಕೂಟದ ಒಳಹೊಕ್ಕ ಅಧಿಕಾರಿಗೆ ಅಲ್ಲಿ ಕಾಣುವುದು ಸಮಾಜದ ಗಣ್ಯರ ಮುಖಗಳೇ. ದೂರು ಕೊಡಬೇಕಾದದ್ದು ಯಾರಿಗೋ, ದೂರು ಇರುವುದೂ ಅವರ ಮೇಲೆಯೇ. ಕೊನೆಗೆ ನ್ಯಾಯ ಅವನ ಕೈಗೇ ಬಂದು ನಿಲ್ಲುತ್ತದೆ.

ಮರುವರ್ಷ ಶಂಕರ್‌ನಾಗ್ ಅಭಿನಯದ ‘ನ್ಯಾಯ ಎಲ್ಲಿದೆ’ ಬಂತು. 1983ರಲ್ಲಿ ‘ಚಕ್ರವ್ಯೂಹ’. ಹೊಸಪೇಟೆ, ಬಳ್ಳಾರಿಗಳಂಥ ಊರುಗಳ ಟಾಕೀಸುಗಳಿಂದ ಹಿಡಿದು ಬೆಂಗಳೂರಿನ ಗಾಂಧಿನಗರದವರೆಗೆ ಆ ದಶಕದ ನಾಯಕ ಹೆಚ್ಚುಕಡಿಮೆ ಒಬ್ಬನೇ: ಕಾನೂನು ಕೈಬಿಟ್ಟವನು, ಆಮೇಲೆ ಕಾನೂನನ್ನು ಕೈಗೆತ್ತಿಕೊಂಡವನು.

ಈ ಕತೆಗಳ ಸೂತ್ರ ಎಲ್ಲರಿಗೂ ಬಾಯಿಪಾಠ. ಒಬ್ಬ ಒಳ್ಳೆಯ ಮನುಷ್ಯ, ಅವನ ಮೇಲೊಂದು ಸುಳ್ಳು ಆರೋಪ ಅಥವಾ ಅವನ ಮನೆಯ ಮೇಲೊಂದು ಕ್ರೌರ್ಯ. ತಿರುಚಿದ ಸಾಕ್ಷ್ಯ, ಅವಸರದ ತೀರ್ಪು. ನಾಯಕ ಸತ್ತನೆಂದು ಲೋಕ ನಂಬುತ್ತದೆ, ಇಲ್ಲವೇ ಅವನಂತೆಯೇ ಕಾಣುವ ಇನ್ನೊಬ್ಬ ಹುಟ್ಟಿಕೊಳ್ಳುತ್ತಾನೆ. ಅಡಗಿದ್ದವನು ಹೊರಬರುತ್ತಾನೆ; ಒಬ್ಬೊಬ್ಬರನ್ನೇ ಹುಡುಕಿ ಲೆಕ್ಕ ತೀರಿಸುತ್ತಾನೆ. ನಡೆದದ್ದೇನೆಂದು ನ್ಯಾಯಾಧೀಶನಿಗೆ ಗೊತ್ತಿಲ್ಲ, ಪ್ರೇಕ್ಷಕನಿಗೆ ಮಾತ್ರ ಗೊತ್ತು. ಹೀಗಾಗಿ ಕತ್ತಲಲ್ಲಿ ಕುಳಿತವನೇ ಏಕೈಕ ಪ್ರತ್ಯಕ್ಷಸಾಕ್ಷಿ. ಸ್ವಲ್ಪ ಹೊತ್ತಿನಲ್ಲಿ ಅವನೇ ನ್ಯಾಯಾಧೀಶನೂ ಆಗಿಬಿಡುತ್ತಾನೆ. ನಾಯಕ ಹೊಡೆದಾಗ ಬೀಳುವ ಶಿಳ್ಳೆ ನಿಜವಾಗಿ ತೀರ್ಪಿನ ಮುದ್ರೆ.

ಇದೆಲ್ಲ 1973ರ ‘ಜಂಜೀರ್’ನಿಂದ ಇಳಿದುಬಂದದ್ದು, ಮರುವರ್ಷದ ಹಾಲಿವುಡ್ ಚಿತ್ರ ‘ಡೆತ್ ವಿಶ್’ನಿಂದ ಕಲಿತದ್ದು ಎಂದು ಹೇಳುವುದು ರೂಢಿ. ಇನ್ನೂ ಹಿಂದೆ ಹೋಗುವವರು 16ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ನಾಟಕಕಾರ ಥಾಮಸ್ ಕಿಡ್ ಬರೆದ ‘ದಿ ಸ್ಪ್ಯಾನಿಷ್ ಟ್ರ್ಯಾಜಿಡಿ’ಯನ್ನು ತೋರಿಸುತ್ತಾರೆ. ಅಲ್ಲಿ ಮಗನನ್ನು ಕಳೆದುಕೊಂಡ ತಂದೆ ಸ್ವತಃ ನ್ಯಾಯಾಧಿಕಾರಿ. ತನಗೇ ನ್ಯಾಯ ಸಿಗದೆ, ಅರಮನೆಯಲ್ಲಿ ಒಂದು ನಾಟಕ ಆಡಿಸಿ ಆ ನೆಪದಲ್ಲಿ ಕೊಲೆಗಾರರನ್ನು ಕೊಲ್ಲಿಸುತ್ತಾನೆ. ಆದರೆ ಈ ಸೂತ್ರದ ಬಿಡಿಭಾಗಗಳನ್ನು ಹುಡುಕಲು ಅಷ್ಟು ದೂರ ಹೋಗಬೇಕಿಲ್ಲ. ಹೊಸಪೇಟೆಯ ಸುತ್ತಲಿನ ಹತ್ತು ಹದಿನೈದು ಹರದಾರಿಯ ಸೀಮೆಯಲ್ಲಿ, ಕಂಪ್ಲಿ, ಸಂಡೂರು, ಹಂಪಿಗಳ ಕತೆಗಳಲ್ಲಿ ಅವು ಬಹುಪಾಲು ಸಿಗುತ್ತವೆ. ಸುಳ್ಳು ಆರೋಪ ಇದೆ, ಕುರುಡು ತೀರ್ಪು ಇದೆ, ಬದಲಿ ಹೆಣ ಇದೆ, ಸತ್ತವನು ಎದ್ದುಬರುವುದೂ ಇದೆ. ಇಲ್ಲದ್ದು ಒಂದೇ, ಸೇಡಿನ ಕೊನೆಯ ರೀಲು.

ಮೊದಲು ಕಂಪ್ಲಿಯ ಕತೆ. ಕಂಪಿಲರಾಯನ ಮಗ ಕುಮಾರರಾಮನನ್ನು ಕುರಿತು ಹಾಡಿದ ಕವಿಗಳು ಹಲವರು. 16ನೇ ಶತಮಾನದ ನಂಜುಂಡ, ಅನಂತರದ ಪಾಂಚಾಳ ಗಂಗ, ಮಹಾಲಿಂಗಸ್ವಾಮಿ ಇವರೆಲ್ಲ ಸಾಂಗತ್ಯದಲ್ಲಿ ಅವನ ಚರಿತೆ ಬರೆದರು. ಓದು ಬರಹ ತಿಳಿಯದ, ಆದರೆ ಹತ್ತಾರು ಕಾವ್ಯಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದ ಸಂಡೂರು ತಾಲ್ಲೂಕಿನ ಬುರ್ರಕಥಾ ಕಲಾವಿದೆ ದರೋಜಿ ಈರಮ್ಮ (ನಿಧನ: 2014) ಹಾಡುತ್ತಿದ್ದ ಕತೆಗಳಲ್ಲೂ ಇದು ಒಂದು. 2006ರಲ್ಲಿ ಶಿವರಾಜ್‌ಕುಮಾರ್ ನಾಯಕನಾಗಿ ‘ಗಂಡುಗಲಿ ಕುಮಾರರಾಮ’ ಚಿತ್ರವೂ ಬಂತು. ಪಾಠದಿಂದ ಪಾಠಕ್ಕೆ ವಿವರಗಳು ಬದಲಾದರೂ ಕತೆಯ ನಡುಗಂಬ ಅಲುಗಿಲ್ಲ.

ರಾಯ ಬೇಟೆಗೆ ಹೋಗಿದ್ದಾನೆ. ಇತ್ತ ರಾಮ ಗೆಳೆಯರೊಂದಿಗೆ ಚೆಂಡಾಡುತ್ತಿದ್ದಾನೆ. ಚೆಂಡು ಹಾರಿ ರಾಯನ ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ಹೋದ ಮಲಮಗನ ಮೇಲೆ ಅವಳಿಗೆ ಮನಸ್ಸಾಗುತ್ತದೆ. ‘ಪರನಾರೀ ಸಹೋದರ’ನೆಂದೇ ಬಿರುದಾದ ರಾಮ ಕೈ ಕೊಡವಿ ಬರುತ್ತಾನೆ. ರಾಯ ಮರಳಿದಾಗ ರಾಣಿ ಸೀರೆ ಹರಿದುಕೊಂಡು ಕಣ್ಣೀರು ಹಾಕುತ್ತಿರುತ್ತಾಳೆ. ರಾಮನೂ ಅವನ ಸಂಗಡಿಗರೂ ತಲೆ ಕೊಡಬೇಕೆಂದು ಆಜ್ಞೆಯಾಗುತ್ತದೆ.

ಈ ತೀರ್ಪನ್ನು ಒಂದು ನ್ಯಾಯಾಲಯದ ಕಲಾಪವೆಂದು ನೋಡಿದರೆ ಅದರ ಕೊರತೆಗಳೆಲ್ಲ ಎದ್ದು ಕಾಣುತ್ತವೆ. ಸಾಕ್ಷಿ ಒಬ್ಬಳೇ, ಅವಳೇ ಫಿರ್ಯಾದಿ. ಆರೋಪಿಯ ಮಾತನ್ನು ಯಾರೂ ಕೇಳಲಿಲ್ಲ. ತೀರ್ಪು ಕೊಡುವವನು ಫಿರ್ಯಾದಿಯ ಗಂಡ, ಆರೋಪಿಯ ತಂದೆ. ಮೇಲ್ಮನವಿಗೆ ಜಾಗವೇ ಇಲ್ಲ, ಏಕೆಂದರೆ ರಾಯನ ಮೇಲೆ ಇನ್ನೊಬ್ಬ ರಾಯನಿಲ್ಲ. ಮಲತಾಯಿಯ ಮೋಹದ ಇಂಥ ಕತೆಗಳು ಲೋಕದ ಎಲ್ಲೆಡೆ ಇವೆ. ಗ್ರೀಕರ ಹಿಪೊಲಿಟಸ್, ಅಶೋಕನ ಮಗ ಕುಣಾಲ, ತೆಲುಗು ಕನ್ನಡಗಳ ಸಾರಂಗಧರ ಎಲ್ಲರೂ ಒಂದೇ ಬಳಗದವರು. ಕುಣಾಲ ಕಣ್ಣು ಕಳೆದುಕೊಂಡ, ಸಾರಂಗಧರ ಕೈಕಾಲು ಕಳೆದುಕೊಂಡ. ಕುಮಾರರಾಮ ಮಾತ್ರ ಏನನ್ನೂ ಕಳೆದುಕೊಳ್ಳಲಿಲ್ಲ. ಅದಕ್ಕೆ ಕಾರಣ ಮಂತ್ರಿ ಬೈಚಪ್ಪ.

ಬೈಚಪ್ಪ ರಾಯನ ಆಜ್ಞೆಗೆ ಎದುರಾಡಲಿಲ್ಲ. ತಲೆಬಾಗಿ ಒಪ್ಪಿದ, ರಾಮನನ್ನೂ ಸಂಗಡಿಗರನ್ನೂ ನೆಲಮಾಳಿಗೆಯಲ್ಲಿ ಅಡಗಿಸಿದ, ಅವರನ್ನು ಹೋಲುವ ಬೇರೆಯವರ ತಲೆಗಳನ್ನು ತಂದು ತೋರಿಸಿದ. ರಾಣಿಗೆ ತೃಪ್ತಿಯಾಯಿತು, ಊರು ಅತ್ತಿತು. ರಾಮ ಸತ್ತ ಸುದ್ದಿ ಕೇಳಿ ದೆಹಲಿಯ ಸುಲ್ತಾನನ ಸೇನೆ ಏರಿ ಬಂದಾಗ ರಾಯ ತಾನು ಮಾಡಿದ್ದಕ್ಕೆ ಹಲುಬಿದ. ಆಗ ಬೈಚಪ್ಪ ನೆಲಮಾಳಿಗೆಯ ಬಾಗಿಲು ತೆರೆದ.

ಸಿನಿಮಾ ಭಾಷೆಯಲ್ಲಿ ಹೇಳುವುದಾದರೆ ಇದು ಮಧ್ಯಂತರದ ದೃಶ್ಯ. ಸತ್ತವನು ಎದುರಿಗೆ ನಿಂತಿದ್ದಾನೆ, ಅವನ ಕೈಯಲ್ಲಿ ಕತ್ತಿ ಇದೆ, ಅನ್ಯಾಯ ಮಾಡಿದವರು ಇದೇ ಅರಮನೆಯಲ್ಲಿದ್ದಾರೆ. ಎಂಬತ್ತರ ದಶಕದ ಚಿತ್ರಕತೆಗಾರ ಇಲ್ಲಿಂದ ಮುಂದಿನ ಒಂದೂಕಾಲು ಗಂಟೆಯನ್ನು ಕಣ್ಣು ಮುಚ್ಚಿ ಬರೆದುಬಿಡುತ್ತಿದ್ದ. ಸಾಂಗತ್ಯದ ರಾಮ ಮಾತ್ರ ತಂದೆಯ ಮೇಲೆ ತಿರುಗಿಬೀಳುವುದಿಲ್ಲ. ರಣರಂಗಕ್ಕೆ ಹೋಗಿ ಸುಲ್ತಾನನ ಸೇನೆಯನ್ನು ಹಿಮ್ಮೆಟ್ಟಿಸಿ ಬರುತ್ತಾನೆ. ರತ್ನಾಜಿ ತಾನಾಗಿ ನೇಣು ಹಾಕಿಕೊಳ್ಳುತ್ತಾಳೆ. ಅಲ್ಲಿಗೆ ಆ ಲೆಕ್ಕ ಮುಗಿಯಿತು.

ಮುಗಿಯಿತೆಂದು ಕವಿ ಹೇಳಿದರೂ ಒಂದೆರಡು ಬಾಕಿ ಉಳಿದಿವೆ. ವಿಚಾರಣೆಯಿಲ್ಲದೆ ಮಗನಿಗೆ ಮರಣ ವಿಧಿಸಿದ ರಾಯ ಸಿಂಹಾಸನದ ಮೇಲೆಯೇ ಇದ್ದಾನೆ. ಅವನಿಗೆ ಪಶ್ಚಾತ್ತಾಪವೇ ಶಿಕ್ಷೆ. ದೋಷವೆಲ್ಲ ಕಿವಿಯೂದಿದ ಹೆಣ್ಣಿನ ಪಾಲಿಗೆ. ಇನ್ನು ರಾಮನ ಬದಲಿಗೆ ತಲೆ ಕೊಟ್ಟವರು? ಕತೆ ಅವರಿಗಾಗಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಒಬ್ಬ ನಿರಪರಾಧಿಯನ್ನು ಉಳಿಸಲು ನಡೆದ ಉಪಾಯದಲ್ಲಿ ಇನ್ನೂ ಕೆಲವರು ವಿಚಾರಣೆಯಿಲ್ಲದೆ ಸತ್ತರು ಎಂಬುದನ್ನು ಕೇಳುಗರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಕಡೆಗೆ ರಾಮನ ನಿಜವಾದ ತಲೆಯೂ ದೆಹಲಿಗೆ ಹೋಯಿತೆನ್ನುತ್ತದೆ ಕಾವ್ಯ. ಹೆಣ್ಣಿನ ಮೇಲೆ ಕೈಯೆತ್ತದ ಅವನ ವ್ರತವನ್ನು ಅರಿತು ಮಾತಂಗಿಯೆಂಬ ಹೆಣ್ಣನ್ನೇ ದಳಪತಿಯಾಗಿ ಕಳುಹಿಸಲಾಯಿತಂತೆ. ಮಲೆನಾಡಿನ ಕೆಲವು ಊರುಗಳಲ್ಲಿ ಇಂದಿಗೂ ಕುಮಾರರಾಮನಿಗೆ ಪೂಜೆ ಸಲ್ಲುವುದು ಮರದಲ್ಲಿ ಕಡೆದ ತಲೆಯ ರೂಪದಲ್ಲಿ.

ಚರಿತ್ರೆಯ ಕಂಪಿಲಿ ಇದಕ್ಕಿಂತ ಒರಟು. ಮಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಬಂಧು ಬಹಾಉದ್ದೀನ್ ಗುರ್ಷಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟ. 1327ರ ಸುಮಾರಿಗೆ ರಾಜ್ಯ ನೆಲಕಚ್ಚಿತು. ರಾಯ ಹೋರಾಡಿ ಸತ್ತ, ರಾಣಿವಾಸದ ಹೆಂಗಸರು ಬೆಂಕಿಗೆ ಹಾರಿದರು, ಹನ್ನೊಂದು ಮಂದಿ ರಾಜಕುಮಾರರನ್ನು ದೆಹಲಿಗೆ ಒಯ್ದರು ಎಂದು ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಅವರಲ್ಲಿ ಮೂವರನ್ನು ಅವನು ಕಂಡಿದ್ದ. ರಾಮನ ಹೆಸರು ಅವನ ಬರಹದಲ್ಲಿಲ್ಲ, ರತ್ನಾಜಿಯ ಪ್ರಸಂಗವಂತೂ ಇಲ್ಲವೇ ಇಲ್ಲ. ಬಹಾಉದ್ದೀನ್ ಅಲ್ಲಿಂದ ಹೊಯ್ಸಳ ಬಲ್ಲಾಳನ ಬಳಿಗೆ ಓಡಿದ; ಬಲ್ಲಾಳ ಅವನನ್ನು ಹಿಡಿದುಕೊಟ್ಟ. ಸುಲ್ತಾನ ಅವನ ಚರ್ಮ ಸುಲಿಸಿದ. ಆಶ್ರಯ ಕೊಟ್ಟು ಅಳಿದವನ ಮನೆತನಕ್ಕೆ ಕಾವ್ಯ ದಕ್ಕಿತು, ಹಿಡಿದುಕೊಟ್ಟವನಿಗೆ ಇನ್ನಷ್ಟು ವರ್ಷಗಳ ಆಳ್ವಿಕೆ ದಕ್ಕಿತು.

ಕಂಪಿಲಿ ಬಿದ್ದ ಹತ್ತು ವರ್ಷಗಳೊಳಗೆ ಹೊಳೆಯ ಇದೇ ಸೀಮೆಯಲ್ಲಿ ವಿಜಯನಗರ ತಲೆಯೆತ್ತಿತು. ಬೈಚಪ್ಪನ ಉಪಾಯವೂ ಆ ಹೊಸ ರಾಜಧಾನಿಯ ಕತೆಯೊಳಗೆ ಬಂದು ಸೇರಿಕೊಂಡಿತು. ಈ ಸಲ ಅದನ್ನು ಹೇಳಿದವನು ಕವಿಯಲ್ಲ, ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್. ಅವನು ಬರೆದದ್ದು 1535ರ ಆಸುಪಾಸಿನಲ್ಲಿ. ರಾಬರ್ಟ್ ಸಿವೆಲ್ 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ಲೋಕಕ್ಕೆ ಗೊತ್ತಾಯಿತು.

ನೂನಿಜ್ ಹೇಳುವಂತೆ, ಸಾಯುವ ಹಾಸಿಗೆಯಲ್ಲಿದ್ದ ವೀರನರಸಿಂಹರಾಯ ತನ್ನ ಎಂಟು ವರ್ಷದ ಮಗನೇ ಪಟ್ಟವೇರಬೇಕೆಂದು ಬಯಸಿದ. ಅಡ್ಡಿಯಾಗಿದ್ದವನು ಇಪ್ಪತ್ತು ದಾಟಿದ ತಮ್ಮ ಕೃಷ್ಣರಾಯ. ಅವನ ಕಣ್ಣು ಕೀಳಿಸಿ ತಂದು ತೋರಿಸುವಂತೆ ಮಂತ್ರಿ ಸಾಳುವ ತಿಮ್ಮನಿಗೆ ಅಪ್ಪಣೆಯಾಯಿತು. ತಿಮ್ಮರಸು ಕೃಷ್ಣರಾಯನನ್ನು ಲಾಯಕ್ಕೆ ಕರೆದೊಯ್ದು ವಿಷಯ ತಿಳಿಸಿದ. ತನಗೆ ರಾಜ್ಯ ಬೇಡ, ಜೋಗಿಯಾಗಿ ಎಲ್ಲಿಗಾದರೂ ಹೋಗುತ್ತೇನೆ ಎಂದನಂತೆ ಆ ಯುವಕ. ಮಂತ್ರಿ ಒಂದು ಮೇಕೆಯನ್ನು ತರಿಸಿ ಅದರ ಕಣ್ಣು ಕೀಳಿಸಿದ. ಅವನ್ನೇ ರಾಯನಿಗೆ ತೋರಿಸಿದ. ರಾಯ ಸತ್ತ, ಕೃಷ್ಣರಾಯ ಪಟ್ಟವೇರಿದ.

ಇಲ್ಲಿಗೆ ನಿಂತಿದ್ದರೆ ಇದು ಕಂಪ್ಲಿಯ ಕತೆಯ ಇನ್ನೊಂದು ನಕಲು. ಬೇರೆಯವರ ತಲೆಯ ಬದಲು ಮೇಕೆಯ ಕಣ್ಣು ಬಂದಿರುವುದರಿಂದ ತುಸು ಕರುಣೆಯ ನಕಲೂ ಹೌದು. ಆದರೆ ನೂನಿಜ್ ಮುಂದುವರಿಯುತ್ತಾನೆ. ಕೃಷ್ಣರಾಯ ತನ್ನ ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದ. ಉತ್ಸವ ನಡೆದಿರುವಾಗಲೇ ಆ ಮಗು ಕಾಯಿಲೆ ಬಿದ್ದು ತೀರಿಕೊಂಡಿತು. ತಿಮ್ಮರಸುವಿನ ಮಗ ವಿಷವಿಕ್ಕಿದನೆಂಬ ಮಾತು ದೊರೆಯ ಕಿವಿಗೆ ಬಿತ್ತು. ತುಂಬಿದ ಸಭೆಯಲ್ಲಿ ಅವನು ಮಂತ್ರಿಯನ್ನೂ ಅವನ ಕಡೆಯವರನ್ನೂ ಹಿಡಿಸಿದ. ಅಂದು ಅವನು ಹೊರಿಸಿದ ಮೊದಲ ಆರೋಪ ಮಗನ ಸಾವಿನದಲ್ಲ. ಅಣ್ಣ ಕಣ್ಣು ಕೀಳಿಸೆಂದಾಗ ನೀನು ಮೇಕೆಯ ಕಣ್ಣು ತೋರಿಸಿ ನಿನ್ನ ಒಡೆಯನಿಗೆ ಮೋಸ ಮಾಡಿದೆ, ಅಂದೇ ನೀನು ದ್ರೋಹಿಯಾದೆ ಎಂಬ ಅರ್ಥದ ಮಾತನ್ನು ನೂನಿಜ್ ಅವನ ಬಾಯಲ್ಲಿ ಇಟ್ಟಿದ್ದಾನೆ.

ತಾನು ಬದುಕಿ ಉಳಿದದ್ದನ್ನೇ, ತನ್ನನ್ನು ಉಳಿಸಿದವನ ಮೇಲೆ ಸಾಕ್ಷ್ಯವಾಗಿ ಬಳಸುವುದು! ಇಷ್ಟು ಕಠೋರವಾದ ತಿರುವು ಯಾವ ರೋಚಕ ಕಾದಂಬರಿಯಲ್ಲಿಯೂ ಸುಲಭವಾಗಿ ಸಿಗಲಾರದು. ನೂನಿಜ್ ಊರಿನ ಬಾಯಿಮಾತನ್ನು ಕೇಳಿ ಬರೆದಿರಬಹುದು. ಮೇಕೆಯ ಕಣ್ಣಿನ ಪ್ರಸಂಗವನ್ನು ಇತಿಹಾಸಕಾರರೆಲ್ಲರೂ ಒಪ್ಪುವುದಿಲ್ಲ. ಆದರೆ ಕೃಷ್ಣದೇವರಾಯ ತೀರಿಕೊಂಡು ಇನ್ನೂ ಹತ್ತು ವರ್ಷವೂ ಆಗಿರದ ಆ ಹೊತ್ತಿಗೆ ರಾಜಧಾನಿಯಲ್ಲಿ ಜನ ಇಂಥ ಕತೆಯನ್ನು ಹೇಳಿಕೊಳ್ಳುತ್ತಿದ್ದರೆಂಬುದೇ ಸಣ್ಣ ಸಂಗತಿಯಲ್ಲ.

ಸೇಡಿನ ನಾಯಕ ಬರುವುದು ಇದಾದ ಮೇಲೆ. ತಿಮ್ಮರಸು ಸೆರೆಯಲ್ಲಿದ್ದ. ಅವನ ಮಗ ತಿಮ್ಮದಂಡನಾಯಕ ತಪ್ಪಿಸಿಕೊಂಡು ಕಳ್ಳಕಾಕರಷ್ಟೇ ವಾಸವಿದ್ದ ಒಂದು ಬೆಟ್ಟಸಾಲಿಗೆ ಓಡಿದ. ಅಲ್ಲಿನ ಕೋಟೆಯಲ್ಲಿ ಅವನ ನಂಟನೊಬ್ಬನಿದ್ದ. ಆ ನೆಲೆಯಿಂದ ಅವನು ಎಂಥ ಕಾಳಗ ಕೊಟ್ಟನೆಂದರೆ, ಗಜಪತಿಯನ್ನೂ ಆದಿಲ್‌ಶಾಹಿಯನ್ನೂ ಮಣಿಸಿದ ಕೃಷ್ಣದೇವರಾಯ ಇವನ ಮೇಲೆ ಹೊಸ ಮಂತ್ರಿಯ ಕೈಕೆಳಗೆ ದೊಡ್ಡ ದಂಡನ್ನೇ ಕಳುಹಿಸಬೇಕಾಯಿತು. ಕೊನೆಗೆ ಸಿಕ್ಕಿಬಿದ್ದ. ತಂದೆ ಮಕ್ಕಳನ್ನು ಒಟ್ಟಿಗೆ ವಧಾಸ್ಥಾನಕ್ಕೆ ಒಯ್ದು ಕಣ್ಣು ಕೀಳಿಸಿದರು. ಬ್ರಾಹ್ಮಣರಾದ್ದರಿಂದ ಕೊಲ್ಲಲಿಲ್ಲ ಎನ್ನುತ್ತಾನೆ ನೂನಿಜ್. ತಿಮ್ಮದಂಡನಾಯಕ ಸೆರೆಮನೆಯಲ್ಲೇ ಸತ್ತ.

ವಿಷವಿಕ್ಕಿದನೆಂಬ ಆರೋಪ ನಿಜವೋ ಸುಳ್ಳೋ, ಇಂದಿನ ಸಿನಿಮಾ ಸೂತ್ರಕ್ಕೆ ಸರಿಹೊಂದುವವನು ಈ ಮಗ. ಸೆರೆ, ಪಲಾಯನ, ಕಳ್ಳರ ಬೆಟ್ಟ, ದೊರೆಯ ಮೇಲೆ ಒಂಟಿ ಸಮರ ಎಲ್ಲವೂ ಅವನ ಪಾಲಿಗೆ ಬಂದಿವೆ. ಆದರೆ ಅವನ ಮೇಲೆ ಕನ್ನಡದಲ್ಲಿ ಒಂದು ಹಾಡು ಪ್ರಸಿದ್ಧವಾಗಲಿಲ್ಲ, ಒಂದು ನಾಟಕ ನಿಲ್ಲಲಿಲ್ಲ. ಜನ ಹಿಡಿದುಕೊಂಡದ್ದು ಕಣ್ಣು ಕಳೆದುಕೊಂಡು ಸುಮ್ಮನಿದ್ದ ಮುದುಕನನ್ನು. 1962ರ ತೆಲುಗು ಚಿತ್ರಕ್ಕೆ ‘ಮಹಾಮಂತ್ರಿ ತಿಮ್ಮರುಸು’ ಎಂದೇ ಹೆಸರು. ರಾಜ್‌ಕುಮಾರ್ ನಾಯಕರಾಗಿದ್ದ 1970ರ ‘ಶ್ರೀಕೃಷ್ಣದೇವರಾಯ’ದಲ್ಲಿ ನಿರ್ದೇಶಕ ಬಿ.ಆರ್. ಪಂತುಲು ಅವರೇ ತಿಮ್ಮರಸುವಾದರು. ಜನಪ್ರಿಯ ಕತೆಯಲ್ಲಿ ಮಂತ್ರಿ ಅಪ್ಪಟ ನಿರಪರಾಧಿ, ದೊರೆ ಕೊನೆಗೆ ಪಶ್ಚಾತ್ತಾಪಪಡುವವನು. ಕಂಪಿಲರಾಯನಿಗೆ ಹಾಕಿದ ಅಚ್ಚಿನಲ್ಲೇ ಕೃಷ್ಣದೇವರಾಯನನ್ನೂ ಒತ್ತಿ ತೆಗೆಯಲಾಯಿತು. ಬೆಟ್ಟ ಹತ್ತಿದ ಮಗ ಆ ಅಚ್ಚಿನೊಳಗೆ ಹಿಡಿಸುತ್ತಿರಲಿಲ್ಲ.

ಹಾಗೆಂದು ಅಂದಿನ ಜನಕ್ಕೆ ಸೇಡು ಅಪರಿಚಿತವಾಗಿತ್ತೆಂದಲ್ಲ. ವಿಜಯನಗರದಲ್ಲಿ ದ್ವಂದ್ವಯುದ್ಧಕ್ಕೆ ಬಹಳ ಮರ್ಯಾದೆಯಿತ್ತು. ಗೆದ್ದವನಿಗೆ ಸತ್ತವನ ಆಸ್ತಿ ಸೇರುತ್ತಿತ್ತು ಎಂದು ಇದೇ ನೂನಿಜ್ ಬರೆಯುತ್ತಾನೆ. ಒಂದು ಕಟ್ಟಳೆ ಮಾತ್ರ ಇತ್ತು: ಮೊದಲು ಮಂತ್ರಿಯ ಅಪ್ಪಣೆ ಪಡೆಯಬೇಕು. ಕೇಳಿದರೆ ಅಪ್ಪಣೆ ಸಿಗುತ್ತಿತ್ತಂತೆ! ಅವನಿಗಿಂತ ಸುಮಾರು ತೊಂಬತ್ತು ವರ್ಷ ಮೊದಲು, 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಕಂಡದ್ದೂ ಇಂಥದೇ ಚಿತ್ರ. ಅರಮನೆಯ ಬಳಿಯ ಕಚೇರಿಯಲ್ಲಿ ದಣಾಯಕ ಕುಳಿತಿರುತ್ತಾನೆ. ಅನ್ಯಾಯಕ್ಕೊಳಗಾದವರು ಚಿಕ್ಕದೊಂದು ಕಾಣಿಕೆ ಇಟ್ಟು, ಅಡ್ಡಬಿದ್ದು ದೂರು ಹೇಳಿಕೊಳ್ಳುತ್ತಾರೆ. ಅವನು ಹೇಳಿದ್ದೇ ತೀರ್ಪು, ಅದರ ಮೇಲೆ ಯಾರೂ ಮಾತಾಡುವಂತಿಲ್ಲ. ಸಾಮಾನ್ಯನ ಪಾಲಿಗೆ ದೊರೆಯೆಂದರೆ ಈ ಮಂತ್ರಿಯೇ. ತೀರ್ಪು ಕೆಟ್ಟರೆ ಒಳಗಿನಿಂದ ಸರಿಮಾಡುವವನು ಮಂತ್ರಿಯೆಂದು ಕತೆಗಳು ನಂಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಬೈಚಪ್ಪನೂ ತಿಮ್ಮರಸುವೂ ಮಾಡಿದ್ದು ಆಜ್ಞೆಯ ಉಲ್ಲಂಘನೆ, ಆದರೆ ಸಿಂಹಾಸನದ ಬೆನ್ನ ಹಿಂದೆ ನಿಂತು ಮಾಡಿದ ಉಲ್ಲಂಘನೆ. ಅಂಥವನೊಬ್ಬ ಇರುವ ತನಕ ನಾಯಕನಿಗೆ ಬೆಟ್ಟ ಹತ್ತುವ ಅಗತ್ಯವೇ ಬೀಳುವುದಿಲ್ಲ.

‘ಅಂತ’ದಲ್ಲಿ ಕಾಣೆಯಾಗಿರುವವನು ಈ ಬೈಚಪ್ಪ. ಅದೇ ಎರಡು ಮುಖ, ಅದೇ ಅಡಗುವಿಕೆ ಇವೆ, ಆದರೆ ನೆಲಮಾಳಿಗೆಯ ಕೀಲಿಕೈ ಹಿಡಿದ ಮನುಷ್ಯ ಇಲ್ಲ. ಮೇಲಿನವರೆಲ್ಲ ಸೇರಿಕೊಂಡಿದ್ದಾರೆ. ‘ಚಕ್ರವ್ಯೂಹ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ನಾಯಕ ಅಧಿಕಾರದ ಕುರ್ಚಿ ಹತ್ತುವುದೇ ಮಂತ್ರಿಮಂಡಲವನ್ನು ಮುಗಿಸುವುದಕ್ಕೆ. ತುರ್ತುಪರಿಸ್ಥಿತಿಯನ್ನು ಕಂಡು ಬಂದ ಪೀಳಿಗೆಗೆ ಅದು ಅತಿರೇಕವೆನಿಸಲಿಲ್ಲ. ‘ನ್ಯಾಯ ಎಲ್ಲಿದೆ’ಯ ಮೂಲವಾದ ತಮಿಳು ಚಿತ್ರವೇ ಹಿಂದಿಗೆ ‘ಅಂಧಾ ಕಾನೂನ್’ (1983) ಆಗಿ ಹೋದಾಗ ಹಳೆಯ ಸುಳ್ಳು ಹೆಣ ಮತ್ತೆ ಎದ್ದುಬಂತು. ಸಾಯದವನನ್ನು ಕೊಂದ ಆರೋಪದ ಮೇಲೆ ಶಿಕ್ಷೆ ಅನುಭವಿಸಿದವನೊಬ್ಬ ಬಿಡುಗಡೆಯಾಗಿ ಬಂದು ಅವನನ್ನು ನಿಜವಾಗಿ ಕೊಂದು, ಒಂದೇ ಕೊಲೆಗೆ ಎರಡು ಸಲ ಶಿಕ್ಷೆ ಹೇಗೆ ಎಂದು ಕೇಳುತ್ತಾನೆ. ವಕೀಲರು ಒಪ್ಪದ ವಾದ ಅದು, ಆದರೆ ಚಿತ್ರಮಂದಿರದಲ್ಲಿ ಅದಕ್ಕೆ ಎದುರು ವಾದವೇ ಇರಲಿಲ್ಲ.

ವಿಶೇಷವೆಂದರೆ, ಕುಮಾರರಾಮನ ಬೆಟ್ಟಗಳಿರುವ ಸಂಡೂರಿನಲ್ಲಿ ಮುಂದೆ ನ್ಯಾಯವ್ಯವಸ್ಥೆಗೆ ನಿಜವಾದ ಸವಾಲು ಎದುರಾದಾಗ ಕತೆ ಹಳೆಯ ದಾರಿಯನ್ನೇ ಹಿಡಿಯಿತು. ಕಬ್ಬಿಣದ ಅದಿರಿಗೆ ಬೆಲೆ ಬಂದು ಬೆಟ್ಟಗಳು ಕರಗತೊಡಗಿದ ವರ್ಷಗಳಲ್ಲಿ ಅದನ್ನು ತಡೆದವರಾರೂ ಬಂದೂಕು ಹಿಡಿಯಲಿಲ್ಲ. ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ 2008 ಮತ್ತು 2011ರಲ್ಲಿ ಕೊಟ್ಟ ವರದಿಗಳ ಹಿಂದೆ ಇದ್ದದ್ದು ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಕಲೆಹಾಕಿದ ಪರವಾನಗಿ, ಲಾರಿ, ತೂಕಗಳ ಲೆಕ್ಕ. ಸರಕಾರದ ಒಳಗಿನವರೇ ಸರಕಾರದ ಕಡತ ಬಿಚ್ಚಿದ ಕೆಲಸ ಅದು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಅತಿ ಹೆಚ್ಚು ಅಕ್ರಮ ನಡೆದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು.

ಇಂಥ ಕತೆಯಲ್ಲಿ ಕೊನೆಯ ರೀಲು ಬೇಗ ಬರುವುದಿಲ್ಲ. 2010ರಲ್ಲಿ ಅಂಕೋಲಾ ಬಳಿಯ ಬೇಲೆಕೇರಿ ಬಂದರಿನಲ್ಲಿ ವಶಪಡಿಸಿಕೊಂಡಿದ್ದ ಲಕ್ಷಾಂತರ ಟನ್ ಅದಿರು, ಸರಕಾರದ ವಶದಲ್ಲಿ ಇದ್ದಂತೆಯೇ ಹಡಗು ಹತ್ತಿ ಮಾಯವಾಯಿತು. ಆ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಮರುತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಪ್ರಕರಣ ಮೇಲ್ಮನವಿಯ ಹಾದಿ ಹಿಡಿಯಿತು.